ಎರಡನೇ ಮೆಟ್ಟಿಲಿಗೆ ಪವರ್ ಸಪ್ಲೈ

ಬ್ರೆಡ್‌ಬೋರ್ಡ್ ಮೇಲೆ ಎಲ್‌ಇಡಿ ಮಿನುಗಿಸಿ, 555 ಟೈಮರ್‌ನಿಂದ ಬಝರ್ ಕೂಗಿಸಿ ಆಯಿತು. ಮುಂದೇನು ಎಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದವರ ಕಣ್ಣು ಮೊದಲು ಬೀಳುವುದು ರೋಬೋಟ್ ಕಿಟ್ ಮೇಲೆ. ಆರ್ಡುಯಿನೋ ಬೋರ್ಡು, ಮೋಟರ್ ಡ್ರೈವರ್, ಸೆನ್ಸರ್, ಚಕ್ರ ಎಲ್ಲ ಒಂದೇ ಡಬ್ಬಿಯಲ್ಲಿ. ಸಂಜೆಯೊಳಗೆ ಬಂಡಿ ಕಪ್ಪು ಗೆರೆ ಹಿಡಿದು ಓಡುತ್ತದೆ. ಆ ಖುಷಿ ದೊಡ್ಡದು, ನಿಜ. ಆದರೂ ಎರಡನೇ ಮೆಟ್ಟಿಲಾಗಿ ಅದನ್ನು ನಾನು ಒಪ್ಪಲಾರೆ. ಬಂಡಿ ನಿಂತುಹೋದರೆ ಮಾಡ್ಯೂಲ್ ಬದಲಿಸಿ ನೋಡುವುದು ಬಿಟ್ಟು ಬೇರೆ ದಾರಿ ಹೊಸಬರಿಗೆ ತೋಚುವುದಿಲ್ಲ.

ನನ್ನ ಆಯ್ಕೆ, ಎಲ್‌ಎಂ317 ಬಳಸಿ ವೋಲ್ಟೇಜ್ ಏರಿಳಿಸಬಲ್ಲ ಪವರ್ ಸಪ್ಲೈ. ಮೂರೇ ಕಾಲಿನ ಈ ಐಸಿ ತನ್ನ ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ 1.25 ವೋಲ್ಟ್ ಕಾಯ್ದುಕೊಳ್ಳುತ್ತದೆ. ಅಲ್ಲಿ 240 ಓಮ್ ರೆಸಿಸ್ಟರ್ ಕೂರಿಸಿದರೆ ಸುಮಾರು 5 ಮಿಲಿಆಂಪಿಯರ್ ಹರಿಯುತ್ತದೆ. ಅದೇ ಕರೆಂಟು ಕೆಳಗಿನ ಪೊಟೆನ್ಶಿಯೋಮೀಟರ್ ಹಾದು ಹೋಗುವುದರಿಂದ, ಗುಂಡಿ ತಿರುವಿದಂತೆ ಹೊರಗಿನ ವೋಲ್ಟೇಜ್ ಏರುತ್ತದೆ. ಶಾಲೆಯಲ್ಲಿ ಉರು ಹೊಡೆದ ಓಮ್‌ನ ನಿಯಮ ಬೆರಳ ತುದಿಗೆ ಬರುವುದು ಇಲ್ಲಿ.

ಕಲಿಕೆ ನಿಜವಾಗಿ ಶುರುವಾಗುವುದು ಇದು ಕೈಕೊಟ್ಟಾಗ. ಒಳಗೆ 15 ವೋಲ್ಟ್, ಹೊರಗೆ 5 ವೋಲ್ಟ್, ಕರೆಂಟು 1 ಆಂಪಿಯರ್ ಇದ್ದರೆ ಉಳಿದ 10 ವೋಲ್ಟ್ 10 ವಾಟ್ ಶಾಖವಾಗುತ್ತದೆ. ಹೀಟ್‌ಸಿಂಕ್ ಇಲ್ಲದಿದ್ದರೆ ಐಸಿ ಕಾದು ತಾನೇ ಕೆಲಸ ನಿಲ್ಲಿಸುತ್ತದೆ. ನನ್ನ ಮೊದಲ ಸಪ್ಲೈನಲ್ಲಿ ಆದದ್ದು ಅದೇ. ಶಾಖದ ಲೆಕ್ಕ ಅಂದಿನಿಂದ ಮರೆತಿಲ್ಲ. ಇನ್ನೊಂದು ಪಾಠ ಕಿವಿಗೇ ಕೇಳಿಸುತ್ತದೆ. 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ 1 ಆಂಪಿಯರ್ ಎಳೆದರೆ, ಸೆಕೆಂಡಿಗೆ 100 ಸಲ ಒಳಗಿನ ವೋಲ್ಟೇಜ್ ಸುಮಾರು 4 ವೋಲ್ಟ್ ಕುಸಿದು ಮೇಲೇಳುತ್ತದೆ. ಹಾಗೆ 15ರಿಂದ 11ಕ್ಕೆ ಇಳಿದ ಹೊತ್ತಿನಲ್ಲಿ 12 ವೋಲ್ಟ್ ಕೇಳಿದರೆ ಐಸಿ ಎಲ್ಲಿಂದ ತಂದುಕೊಟ್ಟೀತು? ಜೋಡಿಸಿದ ಆಂಪ್ಲಿಫೈಯರ್ ಗುಂಯ್ ಎನ್ನುತ್ತದೆ. ಕಾರಣವನ್ನು ಮಲ್ಟಿಮೀಟರ್, ಕಾಗದ, ಪೆನ್ಸಿಲ್ ಹಿಡಿದು ನೀವೇ ಹುಡುಕಬಹುದು.

ಕೊರತೆಗಳೂ ಇವೆ. ಔಟ್‌ಪುಟ್ 1.25 ವೋಲ್ಟ್‌ಗಿಂತ ಕೆಳಗೆ ಇಳಿಯದು. ನಮಗೆ ಬೇಕಾದ ಮಿತಿಯಲ್ಲಿ ಕರೆಂಟು ತಡೆಯಲು ಬೇರೆ ಸರ್ಕ್ಯೂಟ್ ಸೇರಿಸಬೇಕು. ಆದರೆ ಮುಂದೆ ರೇಡಿಯೋ ಕಟ್ಟಿ, ರೋಬೋಟ್ ಕಟ್ಟಿ, ಪ್ರತಿ ಸಲವೂ ಮೇಜಿನ ಮೇಲೆ ಬೇಕಾಗುವ ಸಾಧನ ಇದು.

ಒಂದೇ ಕೋರಿಕೆ: 230 ವೋಲ್ಟ್ ಕಡೆಯ ಕೆಲಸವನ್ನು ಒಬ್ಬರೇ ಮಾಡಬೇಡಿ. ಟ್ರಾನ್ಸ್‌ಫಾರ್ಮರ್, ಫ್ಯೂಸ್, ಅರ್ಥಿಂಗ್ ಜೋಡಿಸುವಾಗ ತಿಳಿದವರು ಪಕ್ಕದಲ್ಲಿರಲಿ. ಅಂಥವರು ಸಿಗುವ ತನಕ ಹಳೆಯ ಲ್ಯಾಪ್‌ಟಾಪ್ ಅಡಾಪ್ಟರ್‌ನಿಂದಲೇ ಆರಂಭಿಸಿ.