ಅಟ್ಟದ ತಕರಾರು

ಮನೆ ಅಚ್ಚುಕಟ್ಟಿನ ಪುಸ್ತಕ ಬರೆದ ಜಪಾನಿನ ಮಾರಿ ಕೊಂಡೊ ಹೇಳಿದ ಕ್ರಮ ಹಿಡಿದು ಹಿಂದೂಪುರದ ಒಂದು ಮನೆಯನ್ನು ಅಚ್ಚುಕಟ್ಟು ಮಾಡಲು ಹೊರಟರೆ ಮೊದಲ ಮಧ್ಯಾಹ್ನವೇ ಕೆಲಸ ನಿಂತುಹೋಗುತ್ತದೆ. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಆಮೇಲೆ ಕಾಗದ ಪತ್ರ, ಆಮೇಲೆ ಚಿಲ್ಲರೆ ಸಾಮಾನು, ಕೊನೆಗೆ ನೆನಪಿನ ವಸ್ತುಗಳು: ಇದು ಆಕೆಯ ವರಸೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ಮನಸ್ಸು ಅರಳಿತೇ ಎಂದು ಕೇಳಿಕೊಳ್ಳಬೇಕು. ಅರಳದಿದ್ದರೆ ಅದಕ್ಕೊಂದು ಧನ್ಯವಾದ ಹೇಳಿ ಕಳಿಸಿಬಿಡಬೇಕು. ಹೋದ ಯುಗಾದಿಗೆ ಮುಂಚೆ, ಸುಣ್ಣ ಬಳಿಸುವ ನೆಪದಲ್ಲಿ, ನನ್ನ ಸೋದರತ್ತೆಯ ಮನೆಯಲ್ಲಿ ಈ ಪ್ರಯೋಗ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಸೊಸೆ ನವೆದುಹೋದ ಸೀರೆಯೊಂದನ್ನು ಎತ್ತಿ ಹಿಡಿದು, "ಅತ್ತೆ, ಇದನ್ನ ನೋಡಿದ್ರೆ ನಿಮಗೆ ಖುಷಿಯಾಗುತ್ತಾ?" ಎಂದಳು. ಅತ್ತೆ ಅಂಚು ಎಳೆದು ನೋಡಿ, "ಅದು ಸೀರೆ ಅಲ್ಲಮ್ಮ, ಬೊಂತೆಗೆ ಮೇಲ್ಪದರ" ಎಂದರು.

2014ರಲ್ಲಿ ಇಂಗ್ಲಿಷಿಗೆ ಬಂದು, 2019ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯಾಗಿ ಮನೆಮನೆಗೂ ಹೊಕ್ಕ ಈ ವಿಧಾನಕ್ಕೆ ಆ ಉತ್ತರವನ್ನು ಹಾಕಿಕೊಳ್ಳಲು ಡಬ್ಬಿಯೇ ಇಲ್ಲ. ಕೊಂಡೊ ಲೆಕ್ಕದಲ್ಲಿ ವಸ್ತುವಿಗೆ ಒಂದೇ ಜನ್ಮ. ಅತ್ತೆಯ ಲೆಕ್ಕದಲ್ಲಿ ಸೀರೆ ಉಟ್ಟು ಮುಗಿದ ಮೇಲೆ ಪದರ ಸೇರಿಸಿ ಹೊಲಿದ ಬೊಂತೆಯಾಗುತ್ತದೆ, ಬೊಂತೆ ಹರಿದರೆ ನೆಲ ಒರೆಸಲು, ಅದೂ ಹರಿದರೆ ಒಲೆ ಮುಂದೆ ಮಸಿಬಟ್ಟೆ. ಅಟ್ಟದ ಮೇಲಿದ್ದದ್ದು ಒಂದು ಕೆಲಸ ಬಿಟ್ಟು ಇನ್ನೊಂದು ಕೆಲಸಕ್ಕೆ ಕಾದಿದ್ದ ಬಟ್ಟೆ. ಅದರ ಮುಂದೆ ಖುಷಿಯ ಪ್ರಶ್ನೆ ಇಟ್ಟರೆ ಏನು ಹೇಳೀತು?

ಬೇಕಾದಾಗ ಮತ್ತೆ ಕೊಂಡುಕೊಳ್ಳಬಹುದು ಎಂಬ ಧೈರ್ಯ ಆ ಪ್ರಶ್ನೆಯ ಬೆನ್ನಿಗಿದೆ. ಕೆಳಗಿಳಿದರೆ ಅಂಗಡಿ ಇರುವ ನಗರದಲ್ಲಿ ಹುಟ್ಟಿದ ಧೈರ್ಯ ಅದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ, ಅದೂ ಬಂದರೆ ಬಂತು ಎನ್ನುವ ಅನಂತಪುರ ಸೀಮೆಯಲ್ಲಿ ಮನೆಯೇ ಉಗ್ರಾಣ. ಕಲ್ಯಾಣದುರ್ಗದ ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ಕೋಣೆಯನ್ನು ಬಿತ್ತನೆ ಕಡಲೆಕಾಯಿಯ ಮೂಟೆಗಳಿಗೇ ಬಿಟ್ಟಿದ್ದರು. ಮುಂಗಾರು ಕಣ್ಣು ಬಿಡುವವರೆಗೆ ಮಕ್ಕಳು ಆ ಮೂಟೆಗಳ ಮೇಲೇ ಮಲಗುತ್ತಿದ್ದೆವು. ಹಿಂದೂಪುರದಲ್ಲಿ ಹುಣಸೆಹಣ್ಣಿನ ಕಾಲ ಮುಗಿಯುವಷ್ಟರಲ್ಲಿ ಬೀಜ ತೆಗೆದು, ಉಪ್ಪು ಬೆರೆಸಿ, ಗುಡಾಣಕ್ಕೆ ಒತ್ತಿಟ್ಟರೆ ಅದು ವರ್ಷದ ಸಾರು. ಇದನ್ನೆಲ್ಲ ಕಸ ಎಂದು ಕರೆಯುವ ಪುಸ್ತಕದ ಜೊತೆ ನನಗೆ ಜಗಳವಿದೆ.

ಕಾಗದ ಪತ್ರದ ಅಧ್ಯಾಯದಲ್ಲಿ ಜಗಳ ಇನ್ನೂ ದೊಡ್ಡದು. ಕಾಗದಗಳನ್ನೆಲ್ಲ ಎಸೆಯುವುದೇ ಮೂಲ ನಿಯಮ, ಉಳಿಸುವುದು ವಿನಾಯಿತಿ, ಎನ್ನುವುದು ಕೊಂಡೊ ನಿಲುವು. ದೊಡ್ಡಪ್ಪನ ತಗಡಿನ ಟ್ರಂಕು ತೆರೆದು ಈ ಮಾತು ಹೇಳುವ ಗಂಡೆದೆ ಯಾರಿಗಿದೆ? ಮೇಲೆ ಚಿನ್ನದ ಸಾಲದ ರಸೀದಿ, ಬೆಳೆವಿಮೆಯ ಚೀಟಿ, ಹೊಲದ ದಾಖಲೆಯಾದ ಅಡಂಗಲ್‌ನ ನಕಲು. ಕೆಳಗೆ ಹೋದಂತೆ ಭಾಷೆ ಬದಲಾಗುತ್ತದೆ, ಮೊಹರು ಬದಲಾಗುತ್ತದೆ. 1882ರಲ್ಲಿ ಬಳ್ಳಾರಿಯಿಂದ ಒಡೆದು ಮಾಡಿದ ಅನಂತಪುರ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿನದು, ಆಮೇಲೆ ಆಂಧ್ರ ರಾಜ್ಯದ್ದು, 1956ರಿಂದ ಆಂಧ್ರಪ್ರದೇಶದ್ದು. 2022ರ ಏಪ್ರಿಲಿನಲ್ಲಿ ಹಿಂದೂಪುರ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಎರಡೂ ಮನೆಗಳ ಗೋಡೆ ಒಂದು ಗೇಣೂ ಸರಿದಿಲ್ಲ. ಮೊನ್ನೆ ಮೊನ್ನೆಯ ಭೂಮಿ ಮರುಸರ್ವೆಯಲ್ಲಿ ಪಟ್ಟಾ ಪಾಸ್ ಪುಸ್ತಕದ ಮೇಲೆ ಮುಖ್ಯಮಂತ್ರಿಯ ಚಿತ್ರ ಬಂತು. 2024ರಲ್ಲಿ ಸರ್ಕಾರ ಬದಲಾಗಿ, ಚಿತ್ರ ತೆಗೆದು ರಾಜಮುದ್ರೆ ಹಾಕುವ ತೀರ್ಮಾನವಾಯಿತು. ಇಂಥ ಊರಿನಲ್ಲಿ ಹಳೇ ಕಾಗದ ಬಿಸಾಡುವವನನ್ನು ಅಚ್ಚುಕಟ್ಟಿನವನು ಅನ್ನುವುದಿಲ್ಲ, ಹೊಲ ಕಳೆದುಕೊಳ್ಳುವವನು ಅನ್ನುತ್ತಾರೆ. ಏನು ತೋರಿಸಿ ಕೇಳಿದರೂ ದೊಡ್ಡಪ್ಪನದು ಒಂದೇ ತೆಲುಗು ಮಾತು: "ಉಂಡನೀಲೇ." ಇರಲಿ ಬಿಡು.

ಹಾಗಂತ ತೀರ್ಪನ್ನು ಪೂರ್ತಿ ನಮ್ಮ ಕಡೆಗೇ ಬರೆಯಲು ಮನಸ್ಸು ಒಪ್ಪುವುದಿಲ್ಲ. ಅತ್ತೆಯ ಅಟ್ಟದಿಂದ ಆ ದಿನ ಇಳಿದದ್ದು ಬೊಂತೆಯ ಬಟ್ಟೆ ಮಾತ್ರವಲ್ಲ. ಮುಚ್ಚಳವಿಲ್ಲದ ಐಸ್‌ಕ್ರೀಮ್ ಡಬ್ಬಿಗಳು, ಮೋಟಾರು ಸುಟ್ಟ ಎರಡು ಮಿಕ್ಸಿ, ಡಬ್ಬದಂಥ ಹಳೇ ಟಿವಿ, ಪಾರ್ಸೆಲ್ ಬಂದ ರಟ್ಟಿನ ಪೆಟ್ಟಿಗೆಗಳು. ಬರದಲ್ಲಿ ಐಸ್‌ಕ್ರೀಮ್ ಡಬ್ಬಿಯಿಂದ ಬದುಕಿಕೊಂಡವರನ್ನು ನಾನು ಕಂಡಿಲ್ಲ. ಹಳೆಯ ಮನೆಗಳು ಹಗುರವಾಗಿದ್ದದ್ದು ಯಾರ ವೈರಾಗ್ಯದಿಂದಲೂ ಅಲ್ಲ. ವಸ್ತು ಹೊರಹೋಗಲು ಬಾಗಿಲುಗಳಿದ್ದವು. ಸಗಣಿ, ಬೂದಿ, ಮಡಕೆ ಚೂರಿಗೆ ತಿಪ್ಪೆ. ತೂತುಬಿದ್ದ ತಾಮ್ರಕ್ಕೆ ಕಂಚುಗಾರ. ಮುರುಕು ಕಬ್ಬಿಣಕ್ಕೆ ಗುಜರಿ. ಪ್ಲಾಸ್ಟಿಕ್ಕಿಗೆ ಈ ಯಾವ ಬಾಗಿಲೂ ಗೊತ್ತಿಲ್ಲ. ಅದು ಅಟ್ಟ ಹತ್ತಿ ಕೂತುಬಿಡುತ್ತದೆ, ಇಲ್ಲವೇ ಸಂಕ್ರಾಂತಿ ಮುನ್ನಾದಿನದ ಭೋಗಿಯ ನಸುಕಿನ ಬೆಂಕಿಗೆ ಬಿದ್ದು ಬೀದಿಗೆಲ್ಲ ಕೆಮ್ಮು ಹಂಚುತ್ತದೆ. ಹಳತನ್ನು ಸುಟ್ಟು ಹೊಸತನ್ನು ಕರೆಯುವ ಆ ಬೆಂಕಿ ಕಟ್ಟಿಗೆ, ಬೆರಣಿ, ಮುರಿದ ಮೊರಕ್ಕೆಂದು ಇದ್ದದ್ದು. ಈಚೆಗೆ ಟೈರನ್ನೂ ಹಾಕುತ್ತಾರೆ.

ಉಳಿದಿದ್ದ ಒಂದು ಬಾಗಿಲೂ ತಿರುಗುಮುರುಗಾಗಿದೆ. ಹಳೇ ಬಟ್ಟೆ ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುವವರು ಈಗಲೂ ಬೀದಿಗೆ ಬರುತ್ತಾರೆ. ಪ್ಯಾಂಟು ಆಚೆ ಹೋಗಿ ಬೇಸನ್ನು ಒಳಗೆ ಬರುತ್ತದೆ. ಮನೆಯ ಭಾರ ಇಳಿಯುವುದಿರಲಿ, ಏರುತ್ತದೆ. ಗೃಹಪ್ರವೇಶ, ಮದುವೆ, ನಾಮಕರಣಕ್ಕೆ ಉಡುಗೊರೆ ಬಂದ ಪಾತ್ರೆಗಳ ಮೇಲೆ ಹೆಸರು, ತಾರೀಖು ಕೊರೆದಿರುವುದರಿಂದ ಅವನ್ನು ಇನ್ನೊಬ್ಬರಿಗೆ ದಾಟಿಸುವ ಹಾಗೂ ಇಲ್ಲ. ಅತ್ತೆಯ ಮದುವೆಯ ಕೊಳಗದ ಮೇಲೆ ಕನ್ನಡ ಅಕ್ಷರ, ಅವರ ಮಗಳ ಮದುವೆಯ ಕೊಳಗದ ಮೇಲೆ ತೆಲುಗು. ನೊಳಂಬರ ಹೆಂಜೇರು, ಅಂದರೆ ಈಗಿನ ಹೇಮಾವತಿಯ ಶಾಸನ ಓದಲು ಈ ಕಡೆ ಬರುವ ವಿದ್ವಾಂಸರು ಇಂಥ ಅಡುಗೆಮನೆಗಳಿಗೂ ಒಮ್ಮೆ ಬಂದು ಹೋಗಲಿ.

ಕೊಂಡೊಗೆ ನಾನು ಮನಸಾರೆ ಮಣಿಯುವುದು ಒಂದು ವಿಷಯಕ್ಕೆ. ಒಂದು ಜಾತಿಯ ವಸ್ತುವನ್ನೆಲ್ಲ ಮನೆಯ ಮೂಲೆಮೂಲೆಯಿಂದ ತಂದು ಒಂದೇ ಕಡೆ ಸುರಿಯಿರಿ ಎನ್ನುತ್ತಾರಲ್ಲ, ಅದು. ನಮ್ಮ ಮನೆಗಳಲ್ಲಿ ಯಾರೂ ಅದನ್ನು ಮಾಡಿಲ್ಲ. ಹಬ್ಬಕ್ಕೆ ಇಳಿಸುತ್ತೇವೆ, ಒರೆಸುತ್ತೇವೆ, ಅದೇ ಜಾಗಕ್ಕೆ ಏರಿಸುತ್ತೇವೆ. ಆ ದಿನ ಪಡಸಾಲೆಯಲ್ಲಿ ಲೋಟಗಳ ರಾಶಿ ಬಿದ್ದಾಗ ಅತ್ತೆಗೇ ನಾಚಿಕೆಯಾಯಿತು. "ಇಷ್ಟೊಂದು ಐತಾ?" ಎಂದರು. ಏಣಿ ಹತ್ತಿ ಧೂಳು ಕುಡಿಯುವವರು ಹೆಂಗಸರು, ಕುರ್ಚಿಯಲ್ಲಿ ಕೂತು "ಇರ್ಲಿ ಬಿಡು" ಎನ್ನುವವರು ಗಂಡಸರು ಎಂಬುದೂ ಆ ರಾಶಿಯ ಮುಂದೆಯೇ ಬಯಲಾಯಿತು. ಬರದ ನೆನಪನ್ನು ಗೌರವಿಸುವ ನಾನು ಈ ಹಂಚಿಕೆಯನ್ನು ಗೌರವಿಸಲಾರೆ. ಮೂರನೆಯ ಮಗು ಬಂದ ಮೇಲೆ ಅಚ್ಚುಕಟ್ಟಿನ ಹಟವನ್ನು ತಾನೂ ಸ್ವಲ್ಪ ಕೈಬಿಟ್ಟಿದ್ದೇನೆ ಎಂದು ಕೊಂಡೊ 2023ರಲ್ಲಿ ಒಪ್ಪಿಕೊಂಡಾಗ ಎಷ್ಟೋ ಮಂದಿ ನಕ್ಕರು. ಅತ್ತೆಗೆ ಹೇಳಿದೆ, ಅವರು ನಗಲಿಲ್ಲ. "ಪಾಪ, ಮೂರು ಮಕ್ಳು" ಎಂದರು.

ಪುಸ್ತಕದ ಸರದಿ ಸಂಜೆಗೆ ಬಂತು. ಸೀಮೆಎಣ್ಣೆ ಡಬ್ಬದ ಹಿಂದೆ ಕನ್ನಡ ಚಂದಮಾಮದ ನಾಲ್ಕು ಬೈಂಡು. ಮಡಕಶಿರಾ, ರೊಳ್ಳ, ಅಗಳಿ ಕಡೆ ಕನ್ನಡ ಶಾಲೆಗಳಿವೆ. ಈ ಮನೆಯ ಮೊಮ್ಮಕ್ಕಳು ಹೋಗಿದ್ದು ತೆಲುಗು, ಇಂಗ್ಲಿಷ್ ಶಾಲೆಗೆ. ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ಯಾರೂ ಓದದ ಪುಸ್ತಕ ಯಾಕೆ ಎಂದು ಸೊಸೆ ಕೇಳಿದ್ದು ನ್ಯಾಯವೇ. ಅಷ್ಟರಲ್ಲಿ ಏಳನೇ ಕ್ಲಾಸಿನ ಹುಡುಗ ಒಂದು ಬೈಂಡು ಬಿಡಿಸಿ, ಪಕ್ಕದ ಮನೆಯ ತೆಲುಗು ಸಂಚಿಕೆಯಲ್ಲಿ ನೋಡಿದ್ದ ಬೇತಾಳದ ಚಿತ್ರ ಗುರುತು ಹಿಡಿದ. ಚಿತ್ರ ಅದೇ, ಅಕ್ಷರ ಬೇರೆ. ಬೇರೆ ಅಂದರೂ ಎಷ್ಟು? ತಲೆಕಟ್ಟು ಬಿಟ್ಟರೆ ಅರ್ಧಕ್ಕರ್ಧ ನೆಂಟರೇ. ನೆಲದ ಮೇಲೆ ಮೊಣಕೈ ಊರಿ ಒಂದೊಂದೇ ಅಕ್ಷರ ಕೂಡಿಸುತ್ತಾ, ತಪ್ಪಿದಲ್ಲಿ ಅಜ್ಜಿಯ ಮುಖ ನೋಡುತ್ತಾ, ಒಂದು ಪುಟ ದಾಟುವಷ್ಟರಲ್ಲಿ ಕರೆಂಟು ಹೋಯಿತು.

ಮಾರನೆಯ ದಿನ ಗುಜರಿಯವರು ಟಿವಿ, ಮಿಕ್ಸಿ, ರಟ್ಟು ಒಯ್ದರು. ಲೋಟಗಳಲ್ಲಿ ಹೆಸರಿಲ್ಲದವು ಊರ ದೇವಸ್ಥಾನದ ಅನ್ನದಾನಕ್ಕೆ ಹೋದವು. ಐಸ್‌ಕ್ರೀಮ್ ಡಬ್ಬಿಗಳನ್ನು ಅತ್ತೆ ನಾವು ನೋಡದ ಹೊತ್ತಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು.