ಕೊಳದ ಮಗು ಮತ್ತು 1971ರ ನವೆಂಬರ್

ತತ್ತ್ವಜ್ಞಾನಿ ಪೀಟರ್ ಸಿಂಗರ್ 1971ರ ನವೆಂಬರಿನಲ್ಲಿ ಒಂದು ಪ್ರಬಂಧ ಬರೆದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಆಸ್ಟ್ರೇಲಿಯಾದಿಂದ ಬಂದು ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದರು. ‘ಕ್ಷಾಮ, ಸಿರಿತನ ಮತ್ತು ನೀತಿ’ ಎಂದು ಕನ್ನಡದಲ್ಲಿ ಕರೆಯಬಹುದಾದ ಆ ಹದಿನೈದು ಪುಟಗಳ ಬರಹ ಮರುವರ್ಷ ಅಚ್ಚಾಯಿತು. ಅಲ್ಲಿಂದೀಚೆಗೆ ನೀತಿಶಾಸ್ತ್ರ ಕಲಿಯುವವರು ಅದನ್ನು ಓದದೆ ಮುಂದೆ ಹೋಗುವುದು ಅಪರೂಪ. ಓದಿದವರಿಗೆಲ್ಲ ನೆನಪಿರುವುದು ಅದರಲ್ಲಿನ ಒಂದು ದೃಷ್ಟಾಂತ. ದಾರಿಯಲ್ಲಿ ಹೋಗುತ್ತಿದ್ದೀರಿ, ಆಳವಿಲ್ಲದ ಕೊಳದಲ್ಲಿ ಮಗುವೊಂದು ಮುಳುಗುತ್ತಿದೆ. ಇಳಿದು ಎತ್ತಿದರೆ ಬಟ್ಟೆ ಕೆಸರಾಗುತ್ತದೆ, ಅಷ್ಟೆ. ಬಟ್ಟೆಯ ಚಿಂತೆಯಲ್ಲಿ ಮುಂದೆ ನಡೆದವನನ್ನು ಯಾರೂ ಮನ್ನಿಸುವುದಿಲ್ಲ. ಹಾಗಿದ್ದರೆ, ದೂರದ ದೇಶದಲ್ಲಿ ಸಾಯುತ್ತಿರುವ ಮಗುವನ್ನು ಸಣ್ಣ ಮೊತ್ತ ಕೊಟ್ಟು ಉಳಿಸಬಹುದೆಂದು ತಿಳಿದೂ ಸುಮ್ಮನಿರುವವನನ್ನು ಹೇಗೆ ಮನ್ನಿಸುವುದು?

ಪ್ರಬಂಧ ಶುರುವಾಗುವುದು ಕೊಳದಿಂದಲ್ಲ, ಆಗ ಪಾಕಿಸ್ತಾನದ ಭಾಗವಾಗಿದ್ದ ಪೂರ್ವ ಬಂಗಾಳದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ. ಅನ್ನ, ಸೂರು, ಔಷಧಿಗಳಿಲ್ಲದೆ ಅಲ್ಲಿಯ ಜನ ಸಾಯುತ್ತಿದ್ದಾರೆ, ತೊಂಬತ್ತು ಲಕ್ಷ ಮಂದಿ ನಿರಾಶ್ರಿತರಾಗಿದ್ದಾರೆ ಎಂದು ಸಿಂಗರ್ ಆರಂಭಿಸುತ್ತಾರೆ. ಐವತ್ತು ವರ್ಷಗಳಲ್ಲಿ ಕೊಳ ಉಳಿದುಕೊಂಡು ಬಂಗಾಳ ಅಳಿಸಿಹೋಯಿತು. ಇದು ಓದುಗರ ಮರೆವಷ್ಟೇ ಎಂದು ನನಗನ್ನಿಸುವುದಿಲ್ಲ. ಆ ದೃಷ್ಟಾಂತವನ್ನು ಕಟ್ಟಿದ ರೀತಿಯೇ ಬಂಗಾಳವನ್ನು ಅಳಿಸುವಂಥದ್ದು.

ಹಾಗೆಂದು ವಾದದ ಬಲವನ್ನು ಕಡೆಗಣಿಸಲಾಗದು. ದಾನ ಕೊಟ್ಟವನನ್ನು ಹೊಗಳುವುದು, ಕೊಡದವನನ್ನು ಅವನ ಪಾಡಿಗೆ ಬಿಡುವುದು ಎಲ್ಲ ಸಮಾಜಗಳ ರೂಢಿ. ಸಿಂಗರ್ ಅದನ್ನು ಬುಡಮೇಲು ಮಾಡಿದರು: ಕೊಟ್ಟರೆ ಹೆಚ್ಚುಗಾರಿಕೆಯೇನಲ್ಲ, ಕೊಡದಿದ್ದರೆ ತಪ್ಪು. ಅಷ್ಟೇ ಮಹತ್ವದ ಇನ್ನೊಂದನ್ನು ಬಲಿಕೊಡದೆ ಒಂದು ಕೇಡನ್ನು ತಡೆಯುವುದು ನಮ್ಮ ಕೈಲಿದ್ದರೆ ತಡೆಯಲೇಬೇಕು ಎಂಬ ಒಂದು ಸೂತ್ರದಿಂದ ಅವರು ದೂರ ಹತ್ತಿರಗಳ ಲೆಕ್ಕವನ್ನೂ, ಉಳಿದವರು ಸುಮ್ಮನಿದ್ದಾರೆಂಬ ನೆಪವನ್ನೂ ಕಿತ್ತೊಗೆದರು. ಅವರು ಕೊಟ್ಟ ಅಂಕಿಗಳು ಇಂದಿಗೂ ಇರಿಯುತ್ತವೆ. ನಿರಾಶ್ರಿತರನ್ನು ಒಂದು ವರ್ಷ ಬದುಕಿಸಲು 46.4 ಕೋಟಿ ಪೌಂಡ್ ಬೇಕಿತ್ತು. ಎಲ್ಲ ಮೂಲಗಳಿಂದ ಬಂದದ್ದು ಸುಮಾರು ಆರೂವರೆ ಕೋಟಿ. ಬ್ರಿಟನ್ ಕೊಟ್ಟದ್ದು ಒಂದೂವರೆ ಕೋಟಿಗೂ ಕಡಿಮೆ. ಅದೇ ಬ್ರಿಟನ್ನು ಕಾಂಕಾರ್ಡ್ ವಿಮಾನಕ್ಕೆ ಸುರಿದು ಮರಳಿ ಬಾರದೆಂದು ಬಿಟ್ಟ ಹಣ 27.5 ಕೋಟಿ ಮೀರಿತ್ತು. ಈ ವಾದ ನಮ್ಮಿಂದ ಅತಿಯಾಗಿ ಕೇಳುತ್ತದೆ ಎಂಬ ದೂರು ತತ್ತ್ವಶಾಸ್ತ್ರಜ್ಞರ ವಲಯದಲ್ಲಿ ದೊಡ್ಡ ಸಾಹಿತ್ಯವನ್ನೇ ಬೆಳೆಸಿದೆ. ಆ ದೂರಿನಲ್ಲಿ ನನಗೆ ಆಸಕ್ತಿಯಿಲ್ಲ. ನೀತಿ ನಮ್ಮ ಅನುಕೂಲಕ್ಕೆ ತಕ್ಕಷ್ಟೇ ಕೇಳಬೇಕೆಂದು ಯಾರೂ ಕರಾರು ಮಾಡಿಕೊಂಡಿಲ್ಲ.

ನನ್ನ ತಕರಾರು ವಿಧಾನದ್ದು. ಸಿಂಗರ್ ಅವರ ಕೊಳದಲ್ಲಿ ಮಗುವನ್ನು ಯಾರೂ ನೂಕಿಲ್ಲ. ಮಗುವಿಗೆ ತಾಯಿತಂದೆಯಿಲ್ಲ, ಊರಿಲ್ಲ. ಪೂರ್ವ ಬಂಗಾಳದಲ್ಲಿ ನಡೆದದ್ದೇನು? 1970ರ ನವೆಂಬರಿನಲ್ಲಿ ಚಂಡಮಾರುತ ಕರಾವಳಿಯನ್ನು ತೊಳೆದುಹಾಕಿತ್ತು. ಡಿಸೆಂಬರಿನ ಚುನಾವಣೆಯಲ್ಲಿ ಪೂರ್ವ ಬಂಗಾಳದ ಪಕ್ಷವಾದ ಅವಾಮಿ ಲೀಗ್ ಇಡೀ ಪಾಕಿಸ್ತಾನದಲ್ಲೇ ಬಹುಮತ ಪಡೆಯಿತು. ಇಸ್ಲಾಮಾಬಾದು ಅಧಿಕಾರ ಬಿಟ್ಟುಕೊಡಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಸೇನೆ ಕೊಲ್ಲಲು ಆರಂಭಿಸಿತು. ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಹೋದ್ಯೋಗಿಗಳು ಏಪ್ರಿಲಿನಲ್ಲಿ ತಮ್ಮ ಸರ್ಕಾರದ ಮೌನವನ್ನೇ ಖಂಡಿಸಿ ವಾಷಿಂಗ್ಟನ್ನಿಗೆ ತಂತಿ ಕಳಿಸಿದರು. ನಿಕ್ಸನ್ ಸರ್ಕಾರ ಪಾಕಿಸ್ತಾನದ ಸೇನಾಡಳಿತಗಾರ ಯಾಹ್ಯಾ ಖಾನರ ಕೈ ಬಿಡಲಿಲ್ಲ. ಸಿಂಗರ್ ಅವರ ಪ್ರಬಂಧದಲ್ಲಿ ಬಡತನ ಮತ್ತು ಚಂಡಮಾರುತದ ಜೊತೆಗೆ ‘ಅಂತರ್ಯುದ್ಧ’ ಒಂದು ಕಾರಣವಾಗಿ ಬಂದು ಹೋಗುತ್ತದೆ. ಕೊಂದವರಾರು, ಅವರ ಬೆನ್ನಿಗೆ ನಿಂತವರಾರು ಎಂಬ ಪ್ರಶ್ನೆ ಏಳುವುದಿಲ್ಲ. ಜನ ಬೀದಿಗಿಳಿಯಲಿಲ್ಲ, ಸಂಸದರಿಗೆ ಪತ್ರ ಬರೆಯಲಿಲ್ಲ ಎಂದು ಅವರು ಮರುಗುತ್ತಾರೆ, ನಿಜ. ಆದರೆ ಆ ಪತ್ರ ಕೇಳಬೇಕಾದದ್ದು ಹೆಚ್ಚಿನ ನೆರವನ್ನು ಮಾತ್ರ.

ಮುಂದೆ ಆದದ್ದನ್ನು ನೋಡಿ. ಡಿಸೆಂಬರ್ 3ಕ್ಕೆ ಭಾರತ–ಪಾಕಿಸ್ತಾನ ಯುದ್ಧ ಶುರುವಾಗಿ 16ಕ್ಕೆ ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. 1972ರ ಮೊದಲ ಕೆಲವೇ ತಿಂಗಳುಗಳಲ್ಲಿ, ಭಾರತದ ಶಿಬಿರಗಳಲ್ಲಿದ್ದ ನಿರಾಶ್ರಿತರಲ್ಲಿ ಬಹುಪಾಲು ಮಂದಿ ಗಂಟುಮೂಟೆ ಕಟ್ಟಿಕೊಂಡು ತಮ್ಮ ದೇಶಕ್ಕೆ ಮರಳಿದರು. ಪ್ರಬಂಧ ಅಚ್ಚಾಗಿ ಓದುಗರ ಕೈಸೇರುವ ಹೊತ್ತಿಗೆ ಅದರ ಆರಂಭದ ಚಿತ್ರ ಬದಲಾಗಿಹೋಗಿತ್ತು. ಶಿಬಿರಗಳನ್ನು ಖಾಲಿ ಮಾಡಿಸಿದ್ದು ದೇಣಿಗೆಯಲ್ಲ, ರಾಜಕೀಯ ಬಿಡುಗಡೆ. ಯುದ್ಧವನ್ನು ಕೊಂಡಾಡಲು ಈ ಮಾತು ಹೇಳುತ್ತಿಲ್ಲ. ಜನ ಏಕೆ ಸಾಯುತ್ತಿದ್ದರು ಎಂಬುದನ್ನು ಬಿಟ್ಟು ನಾವೇನು ಮಾಡಬೇಕು ಎಂದು ಕೇಳಿದರೆ ಉತ್ತರ ಎಷ್ಟು ಕುಗ್ಗುತ್ತದೆ ಎಂದು ತೋರಿಸಲು ಹೇಳುತ್ತಿದ್ದೇನೆ.

ಇಂಥ ಚಿಂತನ ಪ್ರಯೋಗಗಳ ಮೇಲೆ ಇನ್ನೊಂದು ಪ್ರಶ್ನೆಯೂ ಇದೆ: ನಮ್ಮ ಸಹಜ ತೀರ್ಪುಗಳನ್ನು ಎಷ್ಟು ನಂಬಬೇಕು? ಅದೇ 1971ರಲ್ಲಿ ಹೊರಬಂದ ಗ್ರಂಥದಲ್ಲಿ ತತ್ತ್ವಜ್ಞಾನಿ ಜಾನ್ ರಾಲ್ಸ್ ಒಂದು ದಾರಿ ಸೂಚಿಸಿದ್ದರು. ನಮ್ಮ ಗಟ್ಟಿ ತೀರ್ಪುಗಳನ್ನೂ ತತ್ತ್ವಗಳನ್ನೂ ಎದುರುಬದುರು ಇಟ್ಟು, ಒಂದರಿಂದ ಇನ್ನೊಂದನ್ನು ತಿದ್ದುತ್ತ ಹೊಂದಾಣಿಕೆಗೆ ತರುವುದು. 1974ರಲ್ಲಿ ಸಿಂಗರ್ ಈ ವಿಧಾನವನ್ನು ಕಟುವಾಗಿ ಟೀಕಿಸಿದರು. ನಮ್ಮ ಸಹಜ ತೀರ್ಪುಗಳು ಕೈಬಿಟ್ಟ ಧರ್ಮಗಳಿಂದ, ಎಂದೋ ಕಳೆದುಹೋದ ಕಾಲದ ರೂಢಿಗಳಿಂದ ಬಂದ ಉಳಿಕೆಗಳಾಗಿರಬಹುದು. ಅವುಗಳಿಗೆ ಹೊಂದುವಂತೆ ಸಿದ್ಧಾಂತ ಹೊಲಿಯುವುದೇಕೆ ಎಂಬುದು ಅವರ ವಾದ. ಸರಿಯಾದ ಪ್ರಶ್ನೆ. ಆದರೆ ಮುಳುಗುವ ಮಗುವನ್ನು ಕಂಡಾಗ ನಮ್ಮೊಳಗೆ ಏಳುವುದೂ ಸಹಜ ತೀರ್ಪೇ. ಸೂತ್ರಕ್ಕೆ ತನ್ನದೇ ಸಮರ್ಥನೆಯಿದೆ, ಕೊಳ ಬರೀ ಉದಾಹರಣೆ ಎಂದು ಹೇಳಬಹುದು. ಕೊಳವನ್ನು ತೆಗೆದು ಬರಿಯ ಸೂತ್ರವನ್ನು ತರಗತಿಯ ಮುಂದಿಟ್ಟರೆ ಎಷ್ಟು ಮಂದಿ ಒಪ್ಪಿಯಾರು? ಒಪ್ಪಿಸುವ ಕೆಲಸವನ್ನೆಲ್ಲ ಮಾಡುವುದು ಆ ಮಗು. ಸಹಜ ತೀರ್ಪನ್ನು ಒಂದು ಕಡೆ ಆಧಾರವಾಗಿ ಬಳಸಿ, ಎದುರಾಳಿಯ ಕೈಲಿರುವಾಗ ಅದನ್ನು ಪೂರ್ವಗ್ರಹ ಎನ್ನುವುದು ನ್ಯಾಯವಲ್ಲ. 1996ರಲ್ಲಿ ತತ್ತ್ವಜ್ಞಾನಿ ಪೀಟರ್ ಉಂಗರ್ ಇಂಥ ದೃಷ್ಟಾಂತಗಳ ಸರಣಿಯನ್ನೇ ಹೆಣೆದು, ಸಣ್ಣ ವಿವರ ಬದಲಾದರೂ ನಮ್ಮ ತೀರ್ಪು ಹೇಗೆ ಹೊಯ್ದಾಡುತ್ತದೆಂದು ತೋರಿಸಿದರು. ಅವರು ಅದನ್ನು ಸಿಂಗರ್ ಪರವಾಗಿ ಬಳಸಿದರು. ನನಗೆ ಅದು ವಿಧಾನದ ವಿರುದ್ಧದ ಸಾಕ್ಷ್ಯವಾಗಿ ಕಾಣುತ್ತದೆ.

ಈಗ ಬನಗಾಂವಿಗೆ ಬನ್ನಿ. ಪಶ್ಚಿಮ ಬಂಗಾಳದ ಗಡಿಯ ಆ ಪಟ್ಟಣಕ್ಕೆ 1971ರಲ್ಲಿ ನಿರಾಶ್ರಿತರ ಜೊತೆ ಕಾಲರಾ ಬಂತು. ಆಸ್ಪತ್ರೆಯಲ್ಲಿ ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೆ ಮಲಗಿದ್ದರು, ನೆಲವೆಲ್ಲ ವಾಂತಿಭೇದಿ. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಿತ್ತು. ಕಲ್ಕತ್ತದಿಂದ ಬಂದಿದ್ದ ವೈದ್ಯ ದಿಲೀಪ್ ಮಹಲನಬಿಸ್ ಒಂದು ತೀರ್ಮಾನ ಮಾಡಿದರು: ಬಾಯಿಂದಲೇ ಕುಡಿಸೋಣ. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಪೊಟ್ಟಣ ಕಟ್ಟಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಕಡೆಯವರ ಕೈಗೆ ಲೋಟ ಕೊಟ್ಟರು. ಕುಡಿಸಿದವರು ತಾಯಂದಿರು, ಅಣ್ಣತಮ್ಮಂದಿರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ಸಿಂಗರ್ ಪರವಾದಿಗಳು ಇದನ್ನು ತಮ್ಮ ಉದಾಹರಣೆಯೆಂದೇ ಹೇಳಿಯಾರು: ನೋಡಿ, ಅಗ್ಗದ ಪೊಟ್ಟಣ, ಉಳಿದ ಜೀವಗಳು. ಅರ್ಧ ನಿಜ. ಆ ಉಪ್ಪು–ಗ್ಲೂಕೋಸಿನ ಬೆಲೆ ಕೊಟ್ಟವನಿಗೆ ಬೆಲೆಯಿದೆ. ಆದರೆ ಬನಗಾಂವಿನಲ್ಲಿ ಉಳಿಸಿದವರ ಸಾಲಿನಲ್ಲಿ ನಿರಾಶ್ರಿತರೇ ನಿಂತಿದ್ದರು. ಕೊಳದ ಚಿತ್ರದಲ್ಲಿ ಒಬ್ಬ ಉಳಿಸುವವನು, ಒಬ್ಬ ಮುಳುಗುವವನು. ಮುಳುಗುವವನಿಗೆ ಕೈಯೂ ಇಲ್ಲ, ಮಾತೂ ಇಲ್ಲ. ಕೋಟ್ಯಂತರ ವಯಸ್ಕರನ್ನು ಮಗುವಿನ ಜಾಗದಲ್ಲಿ ನಿಲ್ಲಿಸಿದ್ದು ಈ ದೃಷ್ಟಾಂತ ಮಾಡಿದ ದೊಡ್ಡ ಹಾನಿ. ಅರವತ್ತು–ಎಪ್ಪತ್ತರ ದಶಕಗಳಲ್ಲಿ ಪೂರ್ವ ಬಂಗಾಳದಿಂದ ಬಂದು ನಮ್ಮ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಸಿ, ತುಂಗಭದ್ರೆಯ ನೀರಲ್ಲಿ ಭತ್ತ ಬೆಳೆದವರನ್ನು ಮಾತಾಡಿಸಿದವರು ಅವರನ್ನು ಬರೀ ನೆರವು ಪಡೆದವರೆಂದು ಎಣಿಸಲಾರರು. ಅಲ್ಲಿ ದಶಕಗಳ ಕಾಲ ಕೇಳಿಬಂದ ಬೇಡಿಕೆ ದೇಣಿಗೆಯದಲ್ಲ, ಪೌರತ್ವದ್ದು.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ 1974ರ ಬಾಂಗ್ಲಾ ಕ್ಷಾಮವನ್ನೂ ಪರೀಕ್ಷಿಸಿದರು. ಆ ವರ್ಷ ದೇಶದಲ್ಲಿ ತಲಾ ಸಿಗುತ್ತಿದ್ದ ಆಹಾರ ಹಿಂದುಮುಂದಿನ ವರ್ಷಗಳಿಗಿಂತ ಕಡಿಮೆಯಿರಲಿಲ್ಲ. ಪ್ರವಾಹದಿಂದ ಕೂಲಿ ತಪ್ಪಿದವರಿಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಹಸಿವು ಕೊರತೆಯ ಮಾತಾಗದೆ ಹಕ್ಕಿನ ಮಾತಾಯಿತು. ರಾಜಕೀಯ ಚಿಂತಕಿ ಜೂಡಿತ್ ಶ್ಕ್ಲಾರ್ 1990ರಲ್ಲಿ ಇದನ್ನೇ ಇನ್ನೂ ಮೊನಚಾಗಿ ಹೇಳಿದರು: ಯಾವುದು ದುರದೃಷ್ಟ, ಯಾವುದು ಅನ್ಯಾಯ ಎಂಬ ಗೆರೆ ತಾನಾಗಿ ಬಿದ್ದಿರುವುದಿಲ್ಲ, ಅದನ್ನು ಎಳೆಯುವುದೇ ಒಂದು ರಾಜಕೀಯ ನಿರ್ಧಾರ. ಕೊಳದ ಮಗು ಆ ಗೆರೆಯನ್ನು ಸದ್ದಿಲ್ಲದೆ ದುರದೃಷ್ಟದ ಕಡೆಗೆ ಎಳೆದುಬಿಡುತ್ತದೆ. ತತ್ತ್ವಜ್ಞಾನಿ ಥಾಮಸ್ ಪೋಗ್ಗೆ 2002ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ನಾವು ನೆರವಾಗಲಿಲ್ಲ ಎಂಬುದಕ್ಕಿಂತ ಮೊದಲು, ಬಡವರಿಗೆ ಕೇಡು ಮಾಡುವ ಜಾಗತಿಕ ವ್ಯವಸ್ಥೆಯನ್ನು ನಾವೇ ಹೇರಿದ್ದೇವೆಯೇ ಎಂದು ಕೇಳಿಕೊಳ್ಳಬೇಕು ಎಂದರು. ಪೋಗ್ಗೆಯವರ ಲೆಕ್ಕಾಚಾರಗಳಲ್ಲಿ ಸಡಿಲವಾದ ಗಂಟುಗಳಿವೆ, ಆದರೆ ಪ್ರಶ್ನೆ ಸರಿಯಾದ ಜಾಗದಲ್ಲಿದೆ.

ಸಿಂಗರ್ ಬರೆಯುತ್ತಿದ್ದ ಅದೇ ನವೆಂಬರಿನ 15ರಿಂದ ಭಾರತದಲ್ಲಿ ಅಂಚೆಗೆ ಹಾಕುವ ಲಕೋಟೆಗೆ ಐದು ಪೈಸೆಯ ಹೆಚ್ಚುವರಿ ಚೀಟಿ ಅಂಟಿಸಬೇಕಾಯಿತು. ಹೊಸ ಚೀಟಿ ಸಿದ್ಧವಾಗುವ ಮುನ್ನ, ಕುಟುಂಬ ಯೋಜನೆಯ ಐದು ಪೈಸೆ ಚೀಟಿಯ ಮೇಲೆಯೇ ‘ನಿರಾಶ್ರಿತರ ಪರಿಹಾರ’ ಎಂದು ಅಚ್ಚೊತ್ತಿ ಮಾರಿದರು. ಆಗಿನ ಮೈಸೂರು ರಾಜ್ಯದ ಸಣ್ಣ ಊರಲ್ಲಿ ಮಗನಿಗೆ ಕಾಗದ ಬರೆದವರೂ ಆ ಐದು ಪೈಸೆ ತೆತ್ತರು. ಎಲ್ಲರೂ ಐದು ಪೌಂಡ್ ಕೊಟ್ಟರೆ ಸಾಕು, ಆದರೆ ಎಲ್ಲರೂ ಕೊಡುವುದಿಲ್ಲವಲ್ಲ ಎಂಬ ತೊಡಕಿನೊಡನೆ ಸಿಂಗರ್ ಹಲವು ಪ್ಯಾರಾಗಳುದ್ದಕ್ಕೂ ಸೆಣಸುತ್ತಾರೆ. ಈ ಬಡ ದೇಶ ಆ ತೊಡಕನ್ನು ತೆರಿಗೆಯಿಂದ ಬಿಡಿಸಿತು. ಹಂಚಿಕೊಂಡ ಹೊಣೆಗೆ ಬೇಕಾದ ಸಾಧನಗಳು ಸರ್ಕಾರ, ಕಾನೂನು, ಅಂಚೆ ಕಚೇರಿ. ಒಂಟಿ ದಾರಿಹೋಕನ ಚಿತ್ರದಲ್ಲಿ ಇವುಗಳಿಗೆ ಜಾಗವೇ ಇಲ್ಲ. ಕೊಟ್ಟ ಪ್ರತಿ ರೂಪಾಯಿಗೆ ಎಷ್ಟು ಜೀವ ಎಂದು ಅಳೆಯುವ ಇಂದಿನ ಪರಿಣಾಮಕಾರಿ ಪರೋಪಕಾರದ ಚಳವಳಿ ಆ ಚಿತ್ರದ ಬಡತನವನ್ನು ಪಿತ್ರಾರ್ಜಿತವಾಗಿ ಪಡೆದಿದೆ. ಅದು ಸೊಳ್ಳೆಪರದೆಯನ್ನು ಎಣಿಸಬಲ್ಲದು, ಭೂಸುಧಾರಣೆಯನ್ನು ಎಣಿಸಲಾರದು.

ಕೊಳದ ದೃಷ್ಟಾಂತವನ್ನು ಪಾಠದಿಂದ ಕೈಬಿಡಿ ಎಂದು ನಾನು ಹೇಳಲಾರೆ. ಅದರ ಪಕ್ಕದಲ್ಲಿ 1971ರ ಜುಲೈನ ಇನ್ನೊಂದು ಘಟನೆಯನ್ನೂ ಇಟ್ಟು ಓದಿಸಬೇಕು. ಅಮೆರಿಕದ ಬಾಲ್ಟಿಮೋರ್ ಬಂದರಿಗೆ ‘ಪದ್ಮಾ’ ಎಂಬ ಪಾಕಿಸ್ತಾನಿ ಹಡಗು ಸರಕು ತುಂಬಿಸಿಕೊಳ್ಳಲು ಬರುತ್ತಿದ್ದಾಗ, ಕ್ವೇಕರ್ ಎಂಬ ಶಾಂತಿವಾದಿ ಕ್ರೈಸ್ತ ಪಂಥದವರೂ ಅವರ ಗೆಳೆಯರೂ ಪುಟ್ಟ ದೋಣಿಗಳಲ್ಲಿ ನೀರಿಗಿಳಿದು ಅದಕ್ಕೆ ಅಡ್ಡ ನಿಂತರು. ಪೊಲೀಸರು ಅವರನ್ನು ಬಂಧಿಸಿದರು. ಫಿಲಡೆಲ್ಫಿಯಾ ಬಂದರಿನ ಹಮಾಲರು ಪಾಕಿಸ್ತಾನಿ ಹಡಗುಗಳಿಗೆ ಸರಕು ತುಂಬಲು ಒಪ್ಪಲಿಲ್ಲ. ದಿನದ ಕೂಲಿ ಬಿಟ್ಟರು. ಅವರೂ ದೂರದ ಬಂಗಾಳಿಗಳಿಗಾಗಿಯೇ ತಮ್ಮದನ್ನು ಕಳೆದುಕೊಂಡವರು. ದೂರ ಒಂದು ನೆಪವಲ್ಲ ಎಂಬ ಸಿಂಗರ್ ಮಾತನ್ನು ನಡೆಸಿ ತೋರಿಸಿದರು. ಆದರೆ ಅವರು ಕೇಳಿದ ಪ್ರಶ್ನೆ ತಮ್ಮ ದೇಶ ಈ ಕೊಲೆಯಲ್ಲಿ ಏನು ಮಾಡುತ್ತಿದೆ ಎಂಬುದು. ಆ ಪ್ರಶ್ನೆಯಿಂದ ಹೊರಡುವ ವಾದವೊಂದನ್ನು ಸಿಂಗರ್ ತಮ್ಮ ಮೊದಲ ಪುಟದಿಂದಲೇ ಕಟ್ಟಬಹುದಿತ್ತು. ಅದಕ್ಕೆ ಬೇಕಾದ ಸಂಗತಿಗಳೆಲ್ಲ ಆ ವರ್ಷದ ಪತ್ರಿಕೆಗಳಲ್ಲಿ ಬರುತ್ತಿದ್ದವು.