ಖಾನಾಪುರದ ಮಣ್ಣಿನ ಹದ

ಬೆಳಗಾವಿಯಿಂದ ಗೋವೆಯ ದಾರಿ ಹಿಡಿದರೆ ಖಾನಾಪುರ. ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಇರುವ ಊರು. ತಿರುಗುವ ಚಕ್ರದ ಮೇಲಿನ ಮುದ್ದೆ ಹೆಬ್ಬೆರಳು ಒತ್ತಿದೊಡನೆ ಹರಿಯುತ್ತದೆ; ಬೆರಳು ತೆಗೆದ ಕ್ಷಣ ಅಲ್ಲೇ ನಿಲ್ಲುತ್ತದೆ. ಎಂಥ ಸೊಗಸು! 2 ಮೈಕ್ರಾನಿಗಿಂತ ಸಣ್ಣ, ಚಪ್ಪಟೆ ಜೇಡಿ ಕಣಗಳು ನಡುವಿನ ನೀರಿನ ಪದರದಿಂದಾಗಿ ಒಂದರ ಮೇಲೊಂದು ಜಾರುವುದೇ ಇದರ ಗುಟ್ಟು. ತುಸು ನೀರು ಹೆಚ್ಚಾದರೆ ಮಡಕೆಯ ಮೈ ಕುಸಿಯುತ್ತದೆ, ಕಡಿಮೆಯಾದರೆ ಅಂಚು ಸೀಳುತ್ತದೆ. ಆ ಹದ ಕುಂಬಾರರ ಅಂಗೈಗೆ ಗೊತ್ತು. ಹೀಗೆ ಸುಲಭವಾಗಿ ಮಣಿಯುವ ವಸ್ತುಗಳ ಭೌತಶಾಸ್ತ್ರವೇ ಬೇರೊಂದಿದೆ. 1991ರ ನೊಬೆಲ್ ಪಡೆದ ಭೌತವಿಜ್ಞಾನಿ ಡಿ ಜೆನ್ ತಮ್ಮ ಪ್ರಶಸ್ತಿ ಭಾಷಣಕ್ಕೆ ‘ಮೃದು ದ್ರವ್ಯ’ ಎಂದೇ ಹೆಸರಿಟ್ಟರು. ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಉಪನ್ಯಾಸ ಏರ್ಪಡಿಸುವವರು ಖಾನಾಪುರದ ಕುಂಬಾರರನ್ನೂ ಚಕ್ರಸಮೇತ ವೇದಿಕೆಗೆ ಕರೆಯಲಿ.